ಮಲಗಿದ್ದ ಜೌಗಿನ ಒಪ್ಪಿಗೆ

ಒಂದು ಕಾಡಿನಲ್ಲಿ ಬಂಡೆಯ ಮೇಲೊಂದು ಊರಿತ್ತು. ಮಂಗ, ಮೊಲ, ಮುಳ್ಳುಹಂದಿ, ಎಲ್ಲ ಅಲ್ಲಿಗೇ ಬಂದು ನೆಲೆಸಿದ್ದವು. ಊರು ಬೆಳೆಯಿತು, ನೀರು ಬೆಳೆಯಲಿಲ್ಲ. ಮೇಲಿನ ಗುಡ್ಡದಲ್ಲಿ ಒಂದು ಒರತೆಯಿತ್ತು. ಅದರ ನೀರು ಊರನ್ನು ಬಳಸಿಕೊಂಡು ಇಳಿದು ಕೆಳಗಿನ ಜೌಗನ್ನು ಸೇರುತ್ತಿತ್ತು.

"ಕಾಲುವೆ ತೋಡಿ ಆ ನೀರನ್ನ ಊರಿಗೆ ತಿರುಗಿಸೋಣ" ಎಂದವು ಎಲ್ಲ.

ಊರಿನ ಯಜಮಾನರು ಆನೆ ದೊಡ್ಡಯ್ಯ. "ತಿರುಗಿಸೋಣ. ಆದರೆ ಜೌಗಿನವರಿಗೆ ಏನು ತೊಂದರೆ ಆಗುತ್ತೋ ಕೇಳದೆ ಒಂದು ಹನಿಯೂ ಮುಟ್ಟಬಾರದು. ಹೋಗಿ ಕೇಳಿ ಬರೋರು ಯಾರು?" ಎಂದರು.

ಸುಡುಬಿಸಿಲಿನಲ್ಲಿ ಇಳಿಯಲು ಯಾರಿಗೂ ಮನಸ್ಸಿರಲಿಲ್ಲ. "ನಾನು ಹೋಗ್ತೀನಿ ದೊಡ್ಡಯ್ಯ" ಎಂದಿತು ನರಿ. ನರಿ ಉಪಕಾರಕ್ಕೆ ಮುಂದೆ ಬಂತೆಂದರೆ ಒಮ್ಮೆ ಅದರ ಹೊಟ್ಟೆಯ ಕಡೆ ನೋಡಬೇಕು. ಜೌಗು ಒಣಗಿದರೆ ಏಡಿಗಳಿಗೆ ಅಡಗಲು ಜಾಗವಿರುವುದಿಲ್ಲ. ನರಿಗೆ ಏಡಿಯೆಂದರೆ ಪ್ರಾಣ.

ಆ ಹೊತ್ತಿನಲ್ಲಿ ಕೆಂಚಕ್ಕನೆಂಬ ಕಪ್ಪೆ ಕೆಸರಿನ ಆಳದಲ್ಲಿ ಮಲಗಿದ್ದಳು. ಬೇಸಿಗೆಯೆಂದರೆ ಕಪ್ಪೆಗಳಿಗೆ ಒಂದೇ ಉದ್ದನೆಯ ನಿದ್ದೆ. ಅವಳ ಕನಸಿನಲ್ಲಿ ಮಳೆ ಹನಿಯುತ್ತಿತ್ತು. ಜೌಗು ತುಂಬಿತ್ತು. ಅವಳ ಗೊದಮೊಟ್ಟೆಗಳು ಪುಟ್ಟ ಬಾಲ ಆಡಿಸುತ್ತ ಮೋಡದ ನೆರಳಿನಲ್ಲಿ ಈಜುತ್ತಿದ್ದವು.

ಮೋಡದೊಳಗಿಂದ ಒಂದು ಪಿಸುಮಾತು ಇಳಿದು ಬಂತು. "ನಿಮ್ಮ ನೀರನ್ನ ಊರಿಗೆ ಒಯ್ಯುತ್ತೇವೆ. ಬೇಡ ಅನ್ನೋರು ಈಗಲೇ ಹೇಳಿ."

"ಬೇಡ! ನನ್ನ ಮಕ್ಕಳು ಇಲ್ಲೇ ಹುಟ್ಟಬೇಕು!" ಎಂದು ಕೆಂಚಕ್ಕ ಕೂಗಿದಳು. ಆದರೆ ಆ ಕೂಗು ಕನಸಿನೊಳಗೇ ಉಳಿಯಿತು. ಕೆಸರಿನ ಮೇಲೆ ಒಂದು ಗುಳ್ಳೆ ಮಾತ್ರ ಎದ್ದಿತು. ನರಿ ಅದನ್ನು ನೋಡಿ, ಮೆಲ್ಲಗೆ ಕಾಲಿಟ್ಟು ಒಡೆಯಿತು.

"ಎಲ್ಲರನ್ನೂ ಕೇಳಿದೆ ದೊಡ್ಡಯ್ಯ. ಒಬ್ಬರೂ ಬೇಡ ಅನ್ನಲಿಲ್ಲ. ಮೌನಂ ಸಮ್ಮತಿ ಲಕ್ಷಣಂ!" ಎಂದು ಅದು ಊರಿನಲ್ಲಿ ಸಾರಿತು.

ಸಂಸ್ಕೃತ ಕೇಳಿದ ಮೇಲೆ ಸುಳ್ಳಿರಲಾರದು ಎಂದು ದೊಡ್ಡಯ್ಯ ತಲೆದೂಗಿಬಿಟ್ಟರು. ಕಾಲುವೆ ತೋಡಿದರು. ಬಂಡೆಯೂರು ಕುಣಿದು ಕುಪ್ಪಳಿಸಿತು. ಪಾಪ, ಅವರ ಬಾಯಾರಿಕೆಯೂ ಸುಳ್ಳಲ್ಲ.

ಕನಸಿನ ಮಳೆ ನಿಂತಾಗ ಕೆಂಚಕ್ಕನಿಗೆ ಎಚ್ಚರವಾಯಿತು. ಮೈ ಉರಿಯುತ್ತಿತ್ತು. ತಲೆಯ ಮೇಲಿನ ಕೆಸರು ಬಿರಿದು, ಬಿರುಕಿನಲ್ಲಿ ಬೆಳಕು ಕಾಣುತ್ತಿತ್ತು. ಆ ಬೆಳಕಿನಲ್ಲಿ ನರಿಯ ಮೂತಿ ಆಡುತ್ತಿತ್ತು. ಅದು ಏಡಿಗಳನ್ನು ಒಂದೊಂದಾಗಿ ಎಳೆದು ಕಟುಂ ಕಟುಂ ಎಂದು ಕಡಿಯುತ್ತಿತ್ತು.

'ಅಯ್ಯೋ, ಆ ಪಿಸುಮಾತು ಕನಸಲ್ಲ' ಎಂದುಕೊಂಡಳು ಕೆಂಚಕ್ಕ. ಅವಳ ಹೊಟ್ಟೆಯಲ್ಲಿ ಮೊಟ್ಟೆಗಳಿದ್ದವು. ಈ ಬಿರುಕು ನೆಲದಲ್ಲಿ ಅವುಗಳನ್ನು ಎಲ್ಲಿಡುವುದು? ಅವಳಿಗೆ ಅಳುವೇ ಬಂತು. ಅರೆನಿದ್ದೆಯಲ್ಲೇ ತೂರಾಡುತ್ತ, ಜಿಗಿಯುತ್ತ, ಅವಳು ಊರಿನ ದಾರಿ ಹಿಡಿದಳು.

ದೊಡ್ಡಯ್ಯನ ಮುಂದೆ ನಿಂತು ಅವಳು ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ನರಿಯೂ ನೋವು ತಾಳದೆ ಓಡೋಡಿ ಬಂತು. ಅದರ ನಾಲಿಗೆಗೆ ಒಂದು ಮುದಿ ಏಡಿ ಕಚ್ಚಿಕೊಂಡು ನೇತಾಡುತ್ತಿತ್ತು.

"ಮಲಗಿದ್ದವರನ್ನ ಪಿಸುಮಾತಿನಲ್ಲಿ ಕೇಳಿದೆಯಂತೆ. ಹೌದೋ, ಅಲ್ಲವೋ?" ದೊಡ್ಡಯ್ಯ ಗುಡುಗಿದರು.

"ಮ್... ಮ್..." ಎಂದಿತು ನರಿ.

"ಅಲ್ಲ ಅನ್ನಲಿಲ್ಲ! ಮೌನಂ ಸಮ್ಮತಿ ಲಕ್ಷಣಂ!" ಮಂಗಗಳು ಕೈತಟ್ಟಿ ನಕ್ಕವು. "ಕಾಡು ಬಿಟ್ಟು ಓಡಿಸಿ!"

ದೊಡ್ಡಯ್ಯ ಸೊಂಡಿಲೆತ್ತಿದರು. ಆಗ ಕೆಂಚಕ್ಕ ಅಡ್ಡ ಬಂದಳು. "ಬೇಡ ದೊಡ್ಡಯ್ಯ. ಬಾಯಿ ಬಿಡೋಕೆ ಆಗದವರ ಮೌನ ಒಪ್ಪಿಗೆ ಅಲ್ಲ. ನನಗಾದದ್ದು ಅದಕ್ಕೂ ಆಗಬಾರದು. ಮೊದಲು ಬಾಯಿ ಬಿಡಿಸಿ, ಆಮೇಲೆ ಕೇಳಿ."

ಅದನ್ನು ಕೇಳಿ ಏಡಿ ಹಿಡಿತ ಸಡಿಲಿಸಿತು. "ನಾನು ಕೇಳಿದ್ದು ನ್ಯಾಯವಾಗೇ..." ಎಂದು ನರಿ ದೊಡ್ಡದಾಗಿ ಬಾಯಿ ತೆರೆಯಿತು. ಅಗಿದ ಏಡಿಕಾಲುಗಳು ಒಳಗಿಂದ ಪಟಪಟನೆ ಉದುರಿದವು. ಆಮೇಲೆ ಯಾರೂ ಏನನ್ನೂ ಕೇಳಬೇಕಾಗಲಿಲ್ಲ.

ದೊಡ್ಡಯ್ಯ ಕೆಂಚಕ್ಕನ ಮುಂದೆ ತಲೆ ತಗ್ಗಿಸಿದರು. "ನಾನೇ ಬಂದು ನೋಡಬೇಕಿತ್ತು ತಾಯಿ. ತಪ್ಪಾಯ್ತು. ಈಗ ಏನು ಮಾಡೋಣ, ನೀನೇ ಹೇಳು."

"ಊರಿಗೂ ಬಾಯಾರುತ್ತೆ ದೊಡ್ಡಯ್ಯ. ಹಗಲು ನಿಮಗಿರಲಿ, ರಾತ್ರಿ ನಮಗಿರಲಿ" ಎಂದಳು ಅವಳು.

ಅಂದಿನಿಂದ ಸಂಜೆಯಾದರೆ ಕಾಲುವೆಯ ಬಾಯಿಗೆ ಕಲ್ಲಿಟ್ಟು ನೀರನ್ನು ಜೌಗಿಗೆ ಬಿಡುವುದು, ಬೆಳಗಾದರೆ ಕಲ್ಲು ತೆಗೆಯುವುದು ನರಿಯ ಕೆಲಸವಾಯಿತು. ಕಾವಲಿಗೆ ಮುದಿ ಏಡಿ ಕೂತಿತು. ನರಿ ಒಂದು ದಿನವೂ ತಡ ಮಾಡಲಿಲ್ಲ.

ಮಳೆ ಬಂತು. ಕೆಂಚಕ್ಕನ ಗೊದಮೊಟ್ಟೆಗಳು ಮೋಡದ ನೆರಳಿನಲ್ಲಿ ಬಾಲ ಆಡಿಸಿದವು, ಥೇಟ್ ಕನಸಿನಲ್ಲಿ ಕಂಡ ಹಾಗೆ. ಜೌಗಿನವರನ್ನು ಏನಾದರೂ ಕೇಳಬೇಕಿದ್ದರೆ ಊರಿನವರು ಈಗ ಮಳೆಗಾಲದಲ್ಲೇ ಇಳಿದು ಬರುತ್ತಾರೆ. ಕಪ್ಪೆಗಳು ಬೆಳಗಿನವರೆಗೂ ಉತ್ತರ ಹೇಳುತ್ತವೆ. ಊರಿನವರು ಆಕಳಿಸುತ್ತ, ಆದರೂ ಎದ್ದು ಹೋಗದೆ, ಕೊನೆಯವರೆಗೂ ಕೇಳುತ್ತಾರೆ.

ನೀತಿ: ಮಲಗಿದವರ ಮೌನ ಒಪ್ಪಿಗೆಯಲ್ಲ, ಒಬ್ಬರ ನೀರನ್ನು ಇನ್ನೊಬ್ಬರಿಗೆ ತಿರುಗಿಸುವ ಮೊದಲು ಅವರನ್ನು ಎಚ್ಚರವಿರುವಾಗ ಕೇಳಬೇಕು, ಹೇಳಿದ್ದನ್ನು ಪೂರ್ತಿ ಆಲಿಸಬೇಕು.