ಮಂಕರಿಸಂತನ ಏರಿ

ಸಿಲುವೆದೊಡ್ಡಿಯ ಕೆರೆಯ ನೀರು ಮುಟ್ಟಿ ಆಣೆ ಮಾಡಿಯೇ ಈ ಕಥೆ ಶುರು ಮಾಡುವುದು ನಮ್ಮ ಮನೆತನದ ಪದ್ಧತಿ: ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಐದು ತಲೆಮಾರಿನಿಂದ ಹೀಗೆ ಆಣೆ ಮಾಡುತ್ತ ಬಂದರೂ ನಮ್ಮವರಲ್ಲಿ ಒಬ್ಬರೂ ಆ ಕೆರೆಗೆ ಬಿದ್ದು ಸತ್ತಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಬಸ್ಸಿಳಿದು ಇಗರ್ಜಿಯ ಹಿಂದಿನ ಮೆಟ್ಟಿಲು ಹತ್ತಿದರೆ ಕೆರೆಯ ಏರಿ. ಅದರ ನಟ್ಟನಡುವೆ, ಊರ ಕಡೆಯ ಇಳಿಜಾರಿನಲ್ಲಿ, ಎದೆಮಟ್ಟ ಮಣ್ಣಿನಲ್ಲಿ ಹೂತ ಒಂದು ತೇಗದ ಪ್ರತಿಮೆಯಿದೆ. ಮೂಗು ಸವೆದಿದೆ, ತಲೆಯ ಮೇಲೆ ಮಣ್ಣು ಹೊರುವ ಬಿದಿರಿನ ಮಂಕರಿಯಿದೆ. ಬಂದವರು ಹೂವು, ಮೇಣದಬತ್ತಿ ಇಡುವುದಿಲ್ಲ. ಒಂದು ಹಿಡಿ ಮಣ್ಣು ತಂದು ಬುಡಕ್ಕೆ ಹಾಕಿ ಕಾಲಿನಿಂದ ತುಳಿದು ಹೋಗುತ್ತಾರೆ. ಆ ಏರಿಗೆ ಮಂಕರಿಸಂತನ ಏರಿ ಎನ್ನುತ್ತಾರೆ.

ಹಿಂದೆ ಒಮ್ಮೆ, ಪುದುಚೇರಿಯಿಂದ ಎತ್ತಿನ ಗಾಡಿಯಲ್ಲಿ ಸಂತ ಇಸಿದೋರಪ್ಪನ ಈ ಪ್ರತಿಮೆ ಊರಿಗೆ ಬಂತು. ಜೊತೆಗೆ ಬಂದ ಪರದೇಶದ ಸ್ವಾಮಿಗಳು ಎರಡು ಗಂಟೆ ಉಪದೇಶ ಮಾಡಿದರು. ಈತ ರಾಜ್ಯ ಆಳಿದವನಲ್ಲ, ಗ್ರಂಥ ಬರೆದವನಲ್ಲ. ಒಡೆಯನ ಹೊಲ ಉತ್ತವನು, ದಿನದ ಗೇಯ್ಮೆಯನ್ನೇ ಮನಸ್ಸಿಟ್ಟು ಮಾಡಿ ಸಂತನಾದವನು, ನಿಮ್ಮ ಗುದ್ದಲಿಯೂ ಜಪಮಾಲೆಯೇ ಎಂದರು. ಕೊನೆಗೆ ಏಳುವ ಹೊತ್ತಿಗೆ, ಈತ ಪ್ರಾರ್ಥನೆಗೆ ಕೂತಾಗ ದೇವದೂತರು ಬಂದು ಇವನ ನೇಗಿಲು ಹಿಡಿಯುತ್ತಿದ್ದರಂತೆ ಎಂದೂ ಹೇಳಿದರು. ಊರಿನ ಕಿವಿಗೆ ಬಿದ್ದದ್ದು ಅದೊಂದೇ ಮಾತು. ಸ್ವಾಮಿಗಳ ಗಾಡಿ ಮರೆಯಾದದ್ದೇ, ಅವರಿಲ್ಲದಾಗ ಪ್ರಾರ್ಥನೆ ನಡೆಸುವ ಉಪದೇಶಿ ರಾಯಪ್ಪ ಕಟ್ಟಳೆ ಮಾಡಿದ: ಒಂಬತ್ತು ದಿನ ಎಲ್ಲರೂ ಇಗರ್ಜಿಯಲ್ಲೇ ಕೂರಬೇಕು, ಗುದ್ದಲಿ ಮುಟ್ಟಿದರೆ ದೇವದೂತರಿಗೆ ಅವಮಾನ. ಗೇಯ್ಮೆಯ ಸಂತನಿಗೆ ಗೇಯ್ಮೆ ಬಿಟ್ಟು ಹರಕೆ ಸಲ್ಲಿಸಿದ ಊರು ಈ ಭೂಮಿಯ ಮೇಲೆ ನಮ್ಮದೊಂದೇ. ಈ ಹೆಗ್ಗಳಿಕೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಮಾತಿಲ್ಲ.

ಕೆರೆ ಕಾಯುವ ನೀರುಗಂಟಿ ಇನ್ನಾಸಪ್ಪ ಮಾತ್ರ ದಿನವೂ ಒಂದು ಸುತ್ತು ಏರಿಯ ಮೇಲೆ ಕದ್ದು ನಡೆದು ಬರುತ್ತಿದ್ದ. ಅವನ ಕಾಲು ಅವನ ಮಾತು ಕೇಳುತ್ತಿರಲಿಲ್ಲ. ಆರನೆಯ ದಿನ ಬೆಳಿಗ್ಗೆ ಒಂದು ಏಡಿಬಿಲದಿಂದ ನೀರು ಜಿನುಗುವುದು ಕಂಡ. ತಿಳಿನೀರಾಗಿದ್ದರೆ ಅವನು ಹೆದರುತ್ತಿರಲಿಲ್ಲ. ಅದು ಕೆಂಪಗೆ ಬರುತ್ತಿತ್ತು, ಎಂದರೆ ಏರಿಯ ಹೊಟ್ಟೆಯೊಳಗಿನ ಮಣ್ಣೇ ಕರಗುತ್ತಿತ್ತು. ಮಂಕರಿ ಹಿಡಿದು ಒಬ್ಬನೇ ಮಣ್ಣು ಹೊತ್ತ. ಅವನು ಒಂದು ಹಾಕಿದರೆ ನೀರು ಎರಡು ಒಯ್ದಿತು. ಮಧ್ಯಾಹ್ನಕ್ಕೆ ಧಾರೆ ತೊಡೆಯ ಗಾತ್ರಕ್ಕೆ ಬಂದಾಗ ಇಗರ್ಜಿಗೆ ಓಡಿದ.

“ಏರಿ ಹೋಯ್ತಾ ಅದೆ, ಉಪದೇಶಿಗಳೇ. ಇಪ್ಪತ್ತು ಜನ ಬಂದ್ರೆ ಸಾಕು.”

ರಾಯಪ್ಪ ಜಪಮಾಲೆಯ ಮಣಿ ಬಿಡಲಿಲ್ಲ. “ಮೊದ್ಲು ಮಂಡಿ ಊರ್ಲಾ. ಉಳೋಕೆ ಬಂದೋರು ಮಣ್ಣು ಹೊರೋಕೆ ಬರಲ್ವಾ?”

“ಯಾವಾಗ ಬತ್ತಾರೆ?”

“ನೀನು ಬಾಗ್ಲಿಗೆ ಅಡ್ಡ ನಿಂತ್ರೆ ಎಲ್ಲಿಂದ ಬತ್ತಾರೆ?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇನ್ನಾಸಪ್ಪನ ಹೆಂಡತಿ ಆರೋಗ್ಯಮ್ಮ ಅರ್ಧ ಎದ್ದು, ಮಿಕ್ಕವರು ಕೂತೇ ಇರುವುದನ್ನು ನೋಡಿ, ಮತ್ತೆ ಕೂತಳು. ಅವನು ಮಂಡಿಯೂರಿದ. ಕಣ್ಣು ಮುಚ್ಚಿದರೆ ಗೋಡೆಯಾಚೆಯಿಂದ ನೀರಿನ ಸದ್ದು. ಒಂದು ಜಪ ಮುಗಿಯುವವರೆಗೂ ಕಾದ, ಯಾರೂ ಬರಲಿಲ್ಲ. ಎದ್ದು ಪೀಠದ ಬಳಿ ಹೋಗಿ, “ನೀನಾದ್ರೂ ಬಾರಪ್ಪ,” ಎಂದು ಸಂತನನ್ನೇ ಹೆಗಲಿಗೆ ಹಾಕಿಕೊಂಡ. ಮೂರಾಳು ತೂಕದ ಪ್ರತಿಮೆ. ನಮ್ಮ ಮುತ್ತಾತ ಆಗಿದ್ದರೆ ಎಡಗೈಯಲ್ಲೇ ಎತ್ತುತ್ತಿದ್ದ, ಆ ಮಾತು ಬೇರೆ.

ಕೆರೆಗಾಗಿ ಏಳದ ಊರು ಸಂತನಿಗಾಗಿ ಎದ್ದಿತು. ಕಳ್ಳ, ಧರ್ಮದ್ರೋಹಿ ಎಂದು ಕೂಗುತ್ತ ಇನ್ನೂರು ಜನ ಏರಿಗೆ ಬರುವಷ್ಟರಲ್ಲಿ ಇನ್ನಾಸಪ್ಪ ಪ್ರತಿಮೆಯನ್ನು ಬಿಲದ ಬಾಯಿಗೇ ನಿಲ್ಲಿಸಿ, ತಲೆಗೆ ಮಂಕರಿ ಹೊರಿಸಿ, ಬೆನ್ನು ಕೊಟ್ಟು ನಿಂತಿದ್ದ. ಸಂತ ಜಾರುತ್ತಿದ್ದ. ಅವನು ಕೊಚ್ಚಿಹೋಗದಿರಲೆಂದು ಜನ ಸೆರಗಿನಲ್ಲಿ, ಪಂಚೆಯಲ್ಲಿ, ಬೊಗಸೆಯಲ್ಲಿ ಮಣ್ಣು ತಂದು ಸುರಿದರು. ಹರಕೆ ಮುರಿದದ್ದು ಯಾರ ನೆನಪಿಗೂ ಬರಲಿಲ್ಲ. ಸಂಜೆಗೆ ನೀರು ನಿಂತಿತು, ಅರ್ಧ ಕೆರೆ ಉಳಿಯಿತು. ಆದರೆ ಸಂತ ಎದೆಯವರೆಗೆ ಹೂತಿದ್ದ. ಎಳೆದು ನೋಡಿದರೆ ಬುಡದಲ್ಲಿ ಮತ್ತೆ ಕೆಂಪು ನೀರು. ರಾಯಪ್ಪ ಅವಮಾನದಿಂದ ಅತ್ತು, ಶಿಲುಬೆ ಮುಟ್ಟಿ ತೀರ್ಪು ಹೇಳಿದ: ಸಂತ ಇಗರ್ಜಿಯೊಳಗೆ ಬರುವ ದಿನವೇ ಇನ್ನಾಸನೂ ಬರಲಿ.

ಈ ತೀರ್ಪಿನಿಂದ ಅವನನ್ನು ಬಿಡಿಸಬಲ್ಲ ಪರದೇಶದ ಸ್ವಾಮಿಗಳು ಅದೇ ವರ್ಷ ಎಲ್ಲೋ ಜ್ವರದಲ್ಲಿ ತೀರಿಕೊಂಡರು. ಮುಂದಿನವರು ಬರುವಷ್ಟರಲ್ಲಿ ತೀರ್ಪು ಬೇರು ಬಿಟ್ಟಿತ್ತು. ಏರಿ ಸಡಿಲವಾಗಲು ಬಿಟ್ಟರೆ ಸಂತ ಹೊರಬರುತ್ತಾನೆ, ಇನ್ನಾಸಪ್ಪ ಒಳಹೋಗುತ್ತಾನೆ. ಆದರೆ ಏರಿ ಸಡಿಲವಾಗಲು ಬಿಡುವ ನೀರುಗಂಟಿ ಉಂಟೆ? ಮೂವತ್ತು ವರ್ಷ ಅವನು ದಿನಕ್ಕೊಂದು ಮಂಕರಿ ಮಣ್ಣು ಅಲ್ಲೇ ಹಾಕಿ ತುಳಿದ. “ಇವತ್ತು ಇನ್ನೊಂದಿಷ್ಟು ಬಿಗಿಯಾದ್ರಿ,” ಎಂದು ಸಂತನಿಗೆ ಹೇಳುತ್ತಿದ್ದನಂತೆ. ಭಾನುವಾರ ಆರೋಗ್ಯಮ್ಮ ಏರಿಯ ಕಡೆಯ ಕಿಟಕಿಯಲ್ಲಿ ಕೂತು, ಅವನಿಗೆ ಕೇಳಲೆಂದು ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದಳು. ಅವನು ಸತ್ತ ದಿನ ಊರಿನ ಮನಸ್ಸು ಕರಗಿತು. ಗಂಟೆ ಹೊಡೆದು, ಇಗರ್ಜಿಯ ಎರಡೂ ಬಾಗಿಲು ತೆರೆದು, ಹೆಣವನ್ನು ಪೀಠದವರೆಗೆ ಹೊತ್ತುತಂದರು.

ಇಂದಿಗೂ ನೋಡಬಹುದು: ಸಂತನ ಪಕ್ಕದಲ್ಲೇ ಏರಿಯ ಮೇಲೆ ಒಂದು ಚಪ್ಪಡಿ ಕಲ್ಲು, ಅದರ ಮೇಲೆ ಕೆತ್ತಿದ ಮಂಕರಿ, ತಲೆದಿಸೆಯಲ್ಲಿ ಇಗರ್ಜಿಯ ಬಾಗಿಲಿಗೆ ಮುಖ ಮಾಡಿದ ಪುಟ್ಟ ಶಿಲುಬೆ. ಪೀಠದವರೆಗೆ ಹೋದವನನ್ನು ಇಗರ್ಜಿಯ ಸಮಾಧಿ ತೋಟ ಬಿಟ್ಟು ಇಲ್ಲೇಕೆ ಹೂತರು ಎಂದು ಬಂದವರು ಕೇಳುತ್ತಾರೆ. ಆಣೆ ಮಾಡಿ ಆಗಿದೆ, ಇನ್ನು ಮುಚ್ಚಿಟ್ಟು ಫಲವಿಲ್ಲ. ಕಥೆಯಲ್ಲಿ ಒಂದು ಸಣ್ಣ ವಿವರ ಮಾತ್ರ ನಮ್ಮ ಮನೆಯವರು ಸೇರಿಸಿದ್ದು. ಅವತ್ತು ಬಾಗಿಲು ತೆಗೆದಿರಲಿಲ್ಲ.