ಕಾಡುಹಂದಿ ಸೋತ ಮೇಲೆ

ಗುಡ್ಡದ ಬುಡದಲ್ಲಿದ್ದ ಒರತೆ ಹೂಳು ತುಂಬಿ ಬತ್ತಿದ ವರ್ಷ ಕಾಡುಹಂದಿಯೊಂದು, "ನನ್ನನ್ನು ನಾಯಕನನ್ನಾಗಿ ಆರಿಸಿ, ಹೂಳು ತೆಗೆಸುತ್ತೇನೆ" ಎಂದಿತು. ಪ್ರಾಣಿಗಳು ನಂಬಿ, ಅದನ್ನು ಆರಿಸಿ ಸಿಂಹದ ಸಭೆಗೆ ಕಳುಹಿಸಿದವು.

ಸಭೆಯಲ್ಲಿ ಹಂದಿ ಚೆನ್ನಾಗಿ ಮಾತಾಡಲು ಕಲಿಯಿತು. ಗುಡ್ಡಕ್ಕೆ ಬಂದಾಗಲೆಲ್ಲ ಒರತೆಯ ಬಗ್ಗೆ ಒಂದು ಭಾಷಣ ಮಾಡಿ ಹಿಂದಿರುಗುತ್ತಿತ್ತು. ಹಾಗೆಯೇ ಎರಡನೆಯ ಬಾರಿಯೂ ಗೆದ್ದಿತು. ಮೂರನೆಯ ಬಾರಿ ಪ್ರಾಣಿಗಳು ಅದನ್ನು ಸೋಲಿಸಿ ಕೋತಿಯನ್ನು ಆರಿಸಿದವು.

ಹಂದಿ ನಾಚಿಕೆಯಿಂದ ಪೊದೆ ಸೇರಿತು. ಯಾರೂ ಹತ್ತಿರ ಸುಳಿಯಲಿಲ್ಲ. ಕೊನೆಗೆ ಒಂದು ಮುದಿ ಮೊಲ ಬಂತು.

"ನೀನೂ ನಗಲು ಬಂದೆಯಾ?" ಎಂದಿತು ಹಂದಿ.

"ಇಲ್ಲ ಸ್ವಾಮಿ, ಬಾಯಾರಿದೆ. ಅದಕ್ಕೇ ಬಂದೆ."

"ಈಗ ನನಗೆ ಅಧಿಕಾರವಿಲ್ಲವಲ್ಲ."

"ಅಧಿಕಾರ ಹೋಯಿತು, ನಿಜ. ಕೋರೆಗಳು ಇವೆಯಲ್ಲ?"

ಹಂದಿ ಕೋರೆಗಳನ್ನು ಒಮ್ಮೆ ನೆಲಕ್ಕೆ ತಿಕ್ಕಿ ನೋಡಿತು. ಬಳಿಕ ಎದ್ದು ಒರತೆಯ ಬಳಿ ಹೋಗಿ ತಾನೇ ಹೂಳು ಅಗೆಯತೊಡಗಿತು.

"ಮುಂದಿನ ಚುನಾವಣೆಗೆ ತಯಾರಿ ಶುರುವಾಯಿತು" ಎಂದು ಪ್ರಾಣಿಗಳು ನಕ್ಕವು. ಹಂದಿ ತಲೆಯೆತ್ತಲಿಲ್ಲ. ನಾಲ್ಕನೆಯ ದಿನ ಕೆಸರಿನ ನಡುವೆ ಬೊಗಸೆಯಷ್ಟು ನೀರು ಜಿನುಗಿತು. ಮೊಲ ಕುಡಿಯಿತು. ಜಿಂಕೆಗಳು ಓಡಿಬಂದು, "ಇನ್ನು ನೀವೇ ನಮ್ಮ ನಾಯಕರು!" ಎಂದು ಕೂಗಿದವು.

"ನಾಯಕ ಯಾರೆಂದು ನೀವು ಆಗಲೇ ತೀರ್ಮಾನಿಸಿದ್ದೀರಿ" ಎಂದಿತು ಹಂದಿ. "ಆದರೆ ಅಡಿಯಲ್ಲೊಂದು ಬಂಡೆ ನೀರನ್ನು ತಡೆದಿದೆ. ನನ್ನೊಬ್ಬನಿಂದ ಅದು ಅಲುಗುತ್ತಿಲ್ಲ."

ಪ್ರಾಣಿಗಳು ಮುಖ ಮುಖ ನೋಡಿಕೊಂಡವು. ಅಷ್ಟರಲ್ಲಿ ಕೋತಿ ಮರದಿಂದಿಳಿದು ಕೆಸರಿಗೆ ಕಾಲಿಟ್ಟಿತು. ಹಂದಿಯ ಪಕ್ಕದಲ್ಲಿ ನಿಂತು ಬಂಡೆಗೆ ಎರಡೂ ಕೈ ಹಚ್ಚಿತು.