ಮುಗಿಲ ಬೆನ್ನಿನ ಸುಳಿ

ಈ ಕತೆಯನ್ನು ಮೊದಲು ಹೇಳಿದವಳು ಸೋದರತ್ತೆ ತಿಪ್ಪಮ್ಮ, ಎರಡು ಸುಳಿಯ ನನ್ನ ನೆತ್ತಿಗೆ ಹರಳೆಣ್ಣೆ ತಿಕ್ಕುತ್ತ.

ಬಹಳ ಹಿಂದೆ, ಬೋಳುಗುಡ್ಡದ ಕೆಳಗೆ ಒಂದು ಊರಿತ್ತಂತೆ. ಆ ಊರಲ್ಲಿ ಮುದ್ದಪ್ಪಜ್ಜ ಅಂತ ಒಬ್ಬನಿದ್ದನಂತೆ. ದನದ ಮೈಮೇಲಿನ ಸುಳಿ ನೋಡಿ ಒಳ್ಳೇದು ಕೆಟ್ಟದ್ದು ಹೇಳುವವನು. ಅವನು ಹ್ಞೂಂ ಅನ್ನದೆ ಯಾರೂ ಎತ್ತು ಕೊಳ್ಳುತ್ತಿರಲಿಲ್ಲವಂತೆ. ನೊಣದ ಮೈಯ ಸುಳಿಯನ್ನೂ ಹೇಳುತ್ತಿದ್ದ ಅನ್ನುವವರಿದ್ದಾರೆ, ಅಷ್ಟೊಂದು ನಂಬಬೇಕಾಗಿಲ್ಲ.

ಆ ವರ್ಷ ಗಂಡನಿಲ್ಲದ ಹೊನ್ನೂರವ್ವ ತಾನೇ ಸಾಕಿ ಬೆಳೆಸಿದ ಎತ್ತನ್ನು ಮೊದಲ ಸಲ ನೊಗಕ್ಕೆ ತಂದಳು. ಮುದ್ದಪ್ಪಜ್ಜ ಅದರ ಹಿಣಿಲ, ಅಂದರೆ ಹೆಗಲ ಮೇಲಿನ ಡುಬ್ಬದ, ಹಿಂದೆ ಕೈಯಾಡಿಸಿದ. ಎಡಕ್ಕೆ ತಿರುಗಿದ ಸುಳಿ. ಇದು ಯಜಮಾನನನ್ನು ನುಂಗುವ ಸುಳಿ, ಬಿತ್ತನೆಗೆ ಮುಂಚೆ ಕಾಡಿಗೆ ಅಟ್ಟಿಬಿಡು ಅಂದನಂತೆ. ಅವಳ ಗಂಡ ಸತ್ತದ್ದು ಆ ಎತ್ತು ಹುಟ್ಟುವುದಕ್ಕೂ ಮೊದಲು. ಆದರೂ ಊರು ಆ ಸಾವನ್ನು ಎತ್ತಿನ ತಲೆಗೇ ಕಟ್ಟಿತು. ಒಂಟೆತ್ತಿನವರು ಇಬ್ಬಿಬ್ಬರು ಕೂಡಿ ಹೂಡುವ ಊರದು. ಅವಳ ಎತ್ತಿಗೆ ಜೋಡಿ ಕೊಡುವವರೇ ಇಲ್ಲ. ನೆಲದ ಹದ ಆರುತ್ತಿತ್ತು, ಹೊಲ ಬೀಳು ಬೀಳುವುದರಲ್ಲಿತ್ತು.

ಅದೇ ಹೊತ್ತಿಗೆ, ಗುಡ್ಡದ ಮೇಲೆ ಗಾಜು ಉಜ್ಜಿ ಉಜ್ಜಿ ದುರ್ಬೀನು ಮಾಡಿಕೊಂಡಿದ್ದ ವೀರಾಚಾರಿ, ಮುಗಿಲಲ್ಲಿ ದೂರದಲ್ಲಿ ಒಂದು ಸುಳಿ ಸಿಕ್ಕಿತು, ಚುಕ್ಕಿಗಳೇ ಸುತ್ತಿಕೊಂಡ ಸುಳಿ ಅಂತ ಹೇಳಿಕೊಂಡು ಬಂದನಂತೆ. ಮುದ್ದಪ್ಪಜ್ಜನಿಗೆ ಉರಿಯಿತು. ತಾನು ನೋಡದ ಸುಳಿಯೇ? ಕತ್ತಲಾಗುವುದನ್ನೇ ಕಾದು ಗುಡ್ಡ ಹತ್ತಿದನಂತೆ.

ದುರ್ಬೀನಿಗೆ ಕಣ್ಣಿಟ್ಟ. ಮೊದಲು ಹಾಲಿನ ಬೆರಳು ಒರೆಸಿದ ಹಾಗೆ ಬರೀ ಮಸುಕು. ಕಣ್ಣು ಪಳಗಿದ ಮೇಲೆ ಕಂಡಿತು: ಕರಿಯೆತ್ತಿನ ಬೆನ್ನ ಮೇಲೆ ಬಿಳಿಗೂದಲು ಸುತ್ತಿದ ಹಾಗೆ, ಎಳೆ ಎಳೆಯಾಗಿ ಸುತ್ತಿಕೊಂಡ ಸುಳಿ. ಎಡಕ್ಕೆ. ಅಜ್ಜ ದುರ್ಬೀನಿನಿಂದ ಕಣ್ಣು ತೆಗೆದನಂತೆ.

"ಆಚಾರಿ, ಇದು ಯಜಮಾನನ್ನ ನುಂಗೋ ಸುಳಿ. ಇದರ ಯಜಮಾನ ಯಾರಪ್ಪಾ?"

"ಯಾರೋ ಕಾಣೆ ಅಜ್ಜಾ. ನುಂಗಿಬಿಟ್ಟಿದ್ರೆ ಇಷ್ಟು ಕಾಲ ಇದನ್ನ ಮೇಯಿಸ್ತಿರೋದು ಯಾರು?"

ಅಜ್ಜ ಗುಡ್ಡ ಇಳಿದನಂತೆ. ಬೆಳಗ್ಗೆ ತನ್ನ ಎತ್ತನ್ನೇ ಹೊಡೆದುಕೊಂಡು ಹೋಗಿ ಹೊನ್ನೂರವ್ವನ ಎತ್ತಿಗೆ ಜೋಡಿ ಕಟ್ಟಿದ. ಅವಳು ನೊಗ ಹಿಡಿದು ನಿಂತುಬಿಟ್ಟಳು.

"ನಿಂಗೇನಾರ ಆದ್ರೆ ಊರು ನನ್ನ ಸುಮ್ಮನೆ ಬಿಡ್ತೈತಾ ಅಜ್ಜಾ?"

"ಊರ ಮಾತು ಆಮೇಲೆ ಕಣವ್ವಾ. ಹದ ಹೋಗ್ತೈತೆ, ಬಿತ್ತು."

ಊರು ಅವನ ಸಾವಿಗೆ ಕಾದಿತಂತೆ. ಕಾದು ಕಾದು, ಕಾದವರೇ ಹೋದರಂತೆ. ಹಲ್ಲೆಲ್ಲ ಉದುರಿ, ಮರಿಮಕ್ಕಳ ಮುಖ ಕಂಡು ಅವನು ಕಣ್ಣು ಮುಚ್ಚಿದಾಗ, ನೋಡಿದ್ರಾ, ಕಡೆಗೂ ಸುಳಿ ನುಂಗಿತು ಅಂದವರೂ ಇದ್ದರಂತೆ.

ಇವತ್ತಿಗೂ ಆ ಊರಲ್ಲಿ ಮೊದಲ ಬಿತ್ತನೆಯ ದಿನ ಎಲ್ಲ ಎತ್ತುಗಳ ಹಿಣಿಲ ಹಿಂದೆ ಸುಣ್ಣದಲ್ಲಿ ಎಡಸುಳಿ ಬರೆಯುತ್ತಾರೆ. ಒಮ್ಮೆ ಕತ್ತೆತ್ತಿ ಮುಗಿಲು ನೋಡಿ, ಆಮೇಲೆ ನೊಗ ಹೂಡುತ್ತಾರೆ.

ಕೇಳಿದವರು ಇನ್ನೊಬ್ಬರಿಗೆ ಹೇಳಿ. ಎರಡು ಸುಳಿಯ ಹುಡುಗಿಗೆ ಗಂಡು ಸಿಗುತ್ತಿಲ್ಲ ಅಂತ ಕೂತಿರುವ ಮನೆಯಲ್ಲಿ ಮೊದಲು ಹೇಳಿ.